1971ರ ಯುದ್ಧಕಾಲದ ಸರಳ ಮದುವೆ: ನೆನಪು ಕೂಡಿಡುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಅಪ್ಪ-ಅಮ್ಮನ ಮದುವೆ 1971ರ ನವೆಂಬರ್ ಕೊನೆಯಲ್ಲಿ. ಅಪ್ಪ ಸೈನ್ಯದಲ್ಲಿದ್ದರು. ರಜೆ ರದ್ದಾಗಿದೆ ಎಂದು ತಂತಿ ಬಂದಿದ್ದರಿಂದ, ಇಟ್ಟ ಮುಹೂರ್ತಕ್ಕೆ ಕಾಯದೆ ನಡುಮನೆಯಲ್ಲೇ ಧಾರೆ ಎರೆದರು. ಛತ್ರ ಇಲ್ಲ, ವಾಲಗ ಇಲ್ಲ. ಅಂಟು ಆಲ್ಬಮ್ಮಿನಲ್ಲಿ 7 ಫೋಟೊ, ಧಾರೆ ಸೀರೆ, ಒಂದು ಕಟ್ಟು ಇನ್‌ಲ್ಯಾಂಡ್ ಪತ್ರ ಇವೆ. ಇಬ್ಬರೂ ಇದ್ದಾರೆ. ಮೊಮ್ಮಕ್ಕಳಿಗೆ ಒಂದು ಪುಸ್ತಕ ಮಾಡಬೇಕು. ಎಲ್ಲಿಂದ ಶುರುಮಾಡಲಿ?

ಕಪ್ಪುಬಿಳುಪು: ಫೋಟೊವನ್ನು ಕೈಯಿಂದ ಕೀಳಲು ಹೋಗಲೇಬೇಡಿ. ಮೊದಲು ಹಾಳೆ ಸಮೇತ ಸ್ಕ್ಯಾನ್ ಮಾಡಿ: 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), ಟಿಫ್ ಫೈಲ್ (ಚಿತ್ರದ ವಿವರ ಕಳೆಯದ ಬಗೆ). ಆಮೇಲೆ ಹಲ್ಲಿನ ಸಂದಿ ತೆಗೆಯುವ ನೂಲನ್ನು ಮೂಲೆಯಿಂದ ತೂರಿಸಿ, ಗರಗಸದ ಹಾಗೆ ನಿಧಾನ ಎಳೆಯಿರಿ. ಕೂದಲು ಒಣಗಿಸುವ ಯಂತ್ರದ ಬಿಸಿ ತಾಗಿಸಿದರೆ ಅಂಟು ಕರಗಿ ಕಾಗದದೊಳಗೆ ಇಳಿಯುತ್ತದೆ, ಚಿತ್ರದ ಪದರ ಸುರುಟಿಕೊಳ್ಳುತ್ತದೆ. ನಮ್ಮ 11ರಲ್ಲಿ 2 ಹೋದದ್ದು ಹಾಗೇ. ಒಂದರಲ್ಲಿ ಧಾರೆಯ ಚೊಂಬು ಹಿಡಿದ ಅಜ್ಜಿಯ ಕೈ ಇತ್ತು, ಬೇರೆಲ್ಲೂ ಆ ಕೈ ಇಲ್ಲ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮುದ್ರೆ, ಪೆನ್ಸಿಲ್ ಬರಹ ಅಲ್ಲೇ ಇರುವುದು. ನೆಗೆಟಿವ್ ಇದೆಯಾ ಹುಡುಕಿ. 120 ರೋಲಿನಲ್ಲಿ ಚೌಕ ಚಿತ್ರವಾದರೆ 12 ಬರುತ್ತಿದ್ದವು, 7 ಮಾತ್ರ ಪ್ರಿಂಟ್ ಹಾಕಿಸಿರಬಹುದು. ನಾವು ಹೊರಗೆ ಸ್ಕ್ಯಾನ್ ಮಾಡಿಸಿದ್ದಕ್ಕೆ ಒಂದಕ್ಕೆ 80 ರೂಪಾಯಿ ಕೊಟ್ಟೆವು. ಕೊಟ್ಟದ್ದು 150 ಡಿಪಿಐ ಜೆಪೆಗ್, ಎರಡನೇ ಸಲ ದುಡ್ಡು ತೆತ್ತೆವು.

ಜರಿಅಂಚು: ಎಲ್ಲರೂ ಫೋಟೊ ಫೋಟೊ ಅನ್ನುತ್ತೀರಿ, ಸೀರೆ ಅಷ್ಟರಲ್ಲಿ ಮಡಿಕೆಯಲ್ಲೇ ಸೀಳಿರುತ್ತದೆ. ಆ ಕಾಲದ ಜರಿ ಬೆಳ್ಳಿ ಎಳೆಯದು, ಗಾಳಿಯ ಗಂಧಕಕ್ಕೆ ಕಪ್ಪಾಗುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಮೇಲಿನ ಚಿನ್ನದ ಲೇಪವೇ ಹೋಗುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು, ಪ್ಲಾಸ್ಟಿಕ್ ಕವರ್ ಬೇಡ, ಪೇಪರಿನಲ್ಲಿ ಸುತ್ತಬೇಡಿ. ಗಂಜಿ ಹಾಕದೆ ಎರಡು ಸಲ ಒಗೆದ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿ, 3 ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಅರಿಶಿನದ ಕಲೆ ಹಾಗೇ ಇರಲಿ. ತೆಗೆಸಲು 1,400 ರೂಪಾಯಿ ಕೊಟ್ಟದ್ದಕ್ಕೆ ಕಲೆಯ ಜೊತೆ ಅಂಗೈಯಗಲ ಬಣ್ಣವೂ ಹೋಯಿತು.

ಚಿನ್ನದ ಕೆಲಸ: ತಾಳಿಯ ಮಾತು ಯಾರೂ ಎತ್ತಲಿಲ್ಲ. 1962ರ ಯುದ್ಧದ ಬೆನ್ನಿಗೆ ಚಿನ್ನ ನಿಯಂತ್ರಣ ಬಂತು. 1963ರ ಜನವರಿಯಿಂದ ಹೊಸ ಒಡವೆ 14 ಕ್ಯಾರೆಟ್ ಮೀರುವ ಹಾಗಿರಲಿಲ್ಲ, 1966ರಲ್ಲಿ ಅದನ್ನು ತೆಗೆದರು. ಆ ನಡುವೆ ಮಾಡಿಸಿದ ತಾಳಿಯಲ್ಲಿ 4 ಗ್ರಾಂಗೆ ಶುದ್ಧ ಚಿನ್ನ ಸುಮಾರು 2.3 ಗ್ರಾಂ ಮಾತ್ರ. ಬಣ್ಣ ಮಂಕು, ಲೋಹ ಗಡಸು. ‘ಮೋಸದ ಚಿನ್ನ’ ಎಂದು ಹೇಳಿ ಕರಗಿಸಲು ಹೇಳುತ್ತಾರೆ, ನಂಬಬೇಡಿ. ಅದು ಮೋಸವಲ್ಲ, ಆ ಕಾಲದ ಕಾನೂನು.

ಕಪ್ಪುಬಿಳುಪು: ಅವರ ಮದುವೆ 1971ರದ್ದು ಸ್ವಾಮಿ, ಆ ನಿಯಮ ಅವರಿಗೆ ತಾಗುವುದೇ ಇಲ್ಲ.

ಚಿನ್ನದ ಕೆಲಸ: ಅವಸರದ ಮದುವೆಗೆ ಅಕ್ಕನದೋ ಅತ್ತಿಗೆಯದೋ ತಾಳಿ ಕಟ್ಟಿದ ಮನೆಗಳಿವೆ. ಯಾವ ವರ್ಷ ಮಾಡಿಸಿದ್ದು ಎಂದು ಕೇಳದೆ ತಾಗುವುದಿಲ್ಲ ಅಂದರೆ ಹೇಗೆ?

ಪಿಂಚಣಿ ಫೈಲು: ಪುಸ್ತಕ ಆಮೇಲೆ. ಅಪ್ಪ ಇರುವಾಗಲೇ ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಅಮ್ಮನ ಹೆಸರು ನೋಡಿ. ಸೈನ್ಯದಲ್ಲಿ ಮದುವೆ ‘ಪಾರ್ಟ್ ಟು ಆರ್ಡರ್’ನಲ್ಲಿ (ಸೈನಿಕನ ಸ್ವಂತ ವಿವರ ದಾಖಲಿಸುವ ಆದೇಶ) ದಾಖಲಾಗಿರಬೇಕು. ಅವಸರದ ಮದುವೆಗಳಲ್ಲಿ ತಪ್ಪುವುದು ಇಲ್ಲೇ. ಗಂಡನ ಮನೆಯಲ್ಲಿ ಅಕ್ಕಿಯ ಮೇಲೆ ಬರೆದು ಹೊಸ ಹೆಸರಿಟ್ಟಿರುತ್ತಾರೆ. ಶಾಲೆ ದಾಖಲೆಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಸೈನ್ಯದ ರೆಕಾರ್ಡ್ ಆಫೀಸಿನಲ್ಲಿ ಕಾಗುಣಿತ ತಪ್ಪಿದ ಮೂರನೆಯದು. ನಾವು ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ, ಜಂಟಿ ಫೋಟೊ ಎಲ್ಲ ಸೇರಿ 6,350 ರೂಪಾಯಿ, 14 ತಿಂಗಳು ಕಳೆದೆವು. ಜಂಟಿ ಫೋಟೊದಲ್ಲಿ ಕನ್ನಡಕ ಹೊಳೆಯಿತೆಂದು ಒಮ್ಮೆ ಹಿಂದಿರುಗಿಸಿದರು. ನೋಂದಣಿ ಆಗಿಲ್ಲ ಎಂದು ಹೆದರಬೇಡಿ, ಹಿಂದೂ ವಿವಾಹ ಕಾಯ್ದೆಯ 8ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಮಾತ್ರಕ್ಕೆ ಮದುವೆ ಅಸಿಂಧುವಲ್ಲ.

ಜರಿಅಂಚು: ಅವರು ಕೇಳಿದ್ದು ನೆನಪಿನ ವಿಷಯ, ನೀವು ಕಚೇರಿ ತೆರೆದಿದ್ದೀರಿ.

ಪಿಂಚಣಿ ಫೈಲು: ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸು ‘ನಾನೇ ಹೆಂಡತಿ’ ಎಂದು ಕೌಂಟರಿನಲ್ಲಿ ನಿಂತು ರುಜುವಾತು ಮಾಡಬೇಕಾಗುತ್ತದೆ ಮೇಡಂ. ಸೀರೆ ಮಡಿಸುವುದಕ್ಕಿಂತ ಅದು ಸಣ್ಣ ವಿಷಯವಲ್ಲ.

ಅಂಚೆಮುದ್ರೆ: ಪತ್ರಗಳಿಗೆ ಬನ್ನಿ. ‘56 ಎಪಿಒ’ (ಸೇನಾ ಅಂಚೆ ಕಚೇರಿ) ಎಂದಷ್ಟೇ ಇರುತ್ತದೆ, ಅದರಿಂದ ಊರು ತಿಳಿಯುವುದಿಲ್ಲ, ತಿಳಿಯಬಾರದು ಎಂದೇ ಹಾಗೆ. ತಾರೀಖನ್ನು ಮುದ್ರೆಯಿಂದ ಹಿಡಿದು ಸಾಲಾಗಿ ಜೋಡಿಸಿ. ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ. ಆ ದಿನಗಳಲ್ಲಿ ಪತ್ರ ಇಲ್ಲದಿದ್ದರೆ ಆ ಖಾಲಿಯನ್ನೂ ಪುಸ್ತಕದಲ್ಲಿ ಒಂದು ಪುಟವಾಗಿ ಬಿಡಿ. ಲ್ಯಾಮಿನೇಷನ್ ಖಂಡಿತ ಬೇಡ, ಬಿಸಿಗೆ ಅಂಟಿದ್ದನ್ನು ಮತ್ತೆ ಬಿಡಿಸಲಾಗದು. ಸೆಲೋಟೇಪೂ ಬೇಡ.

ಕಪ್ಪುಬಿಳುಪು: ನಾವು ಲ್ಯಾಮಿನೇಟ್ ಮಾಡಿಸಿ 9 ವರ್ಷ ಆಯಿತು, ಏನೂ ಆಗಿಲ್ಲ.

ಅಂಚೆಮುದ್ರೆ: 9 ವರ್ಷ ಲೆಕ್ಕವೇ ಅಲ್ಲ. ಫೋಟೊಗೆ ಬಿಸಿ ತಾಗಿಸಬೇಡಿ ಎಂದವರು ನೀವೇ!

ಜರಿಅಂಚು: ಅದಕ್ಕೂ ಮುಂಚೆ ಒಂದು ಮಾತು. ಗಂಡ ಹೆಂಡತಿಗೆ ಬರೆದ ಪತ್ರ ಮಕ್ಕಳು ಓದುವುದೇ ತಪ್ಪು. ಅಮ್ಮನ ಕೈಗೆ ಕೊಡಿ. ಯಾವುದನ್ನು ಸ್ಕ್ಯಾನ್ ಮಾಡಬಹುದು ಎಂದು ಅವರೇ ಆರಿಸಲಿ.

ಅಂಚೆಮುದ್ರೆ: ಆರಿಸಲು ಬಿಟ್ಟರೆ ಅರ್ಧ ಒಲೆ ಸೇರುತ್ತದೆ.

ಜರಿಅಂಚು: ಸೇರಲಿ. ಅವು ಅವರವು.

ಹಳೇಧ್ವನಿ: ಇಬ್ಬರೂ ಇದ್ದಾರೆ ಎಂದರಲ್ಲ, ಮೊದಲು ರೆಕಾರ್ಡ್ ಮಾಡಿ. ಬೇರೆ ಬೇರೆ ಕೂರಿಸಿ, ಜೊತೆಗಿದ್ದರೆ ಅಪ್ಪ ಹೇಳಿದ್ದಕ್ಕೆ ಅಮ್ಮ ಹೂಂ ಅನ್ನುತ್ತಾರೆ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಮಡಚಿದ ಟವೆಲ್ ಮೇಲಿಡಿ, 40 ನಿಮಿಷ ಸಾಕು. ‘ಹೇಗನ್ನಿಸಿತು’ ಎಂದರೆ ‘ಏನನ್ನಿಸುತ್ತೆ’ ಎಂದು ಮುಗಿಸುತ್ತಾರೆ. ಅಡುಗೆ ಯಾರು ಮಾಡಿದರು, ಎಷ್ಟು ಎಲೆ ಬಿತ್ತು, ಸಕ್ಕರೆ ಎಲ್ಲಿಂದ ತಂದರು, ಅಪ್ಪನ ಬಸ್ ಎಷ್ಟು ಗಂಟೆಗೆ ಹೊರಟಿತು ಎಂದು ಕೇಳಿ. ಬಸ್ಸಿನ ಮಾತು ಬಂದಾಗ ಅಮ್ಮ ಸುಮ್ಮನಾದರೆ ನೀವೂ ಸುಮ್ಮನಿರಿ, ರೆಕಾರ್ಡ್ ನಿಲ್ಲಿಸಬೇಡಿ.

ಚಿನ್ನದ ಕೆಲಸ: ತಾಳಿ ಯಾರದು ಎಂದೂ ಕೇಳಿ.