ಹಸಿ ಕೊಂಬೆಯಲ್ಲಿ ಗರಗಸ ಸಿಕ್ಕಿಕೊಳ್ಳುತ್ತಿದೆ, ಯಾವುದು ತಗೊಳ್ಳಲಿ?

ಹಿತ್ತಿಲಮರ:
ಎಲ್ಲರಿಗೂ ನಮಸ್ಕಾರ. ಹಿತ್ತಿಲಿನ ಮರದ ಒಂದು ಕೊಂಬೆ ಮನೆಯ ಚಾವಣಿಗೆ ಉಜ್ಜುತ್ತಿದೆ. ದಪ್ಪ ಸುಮಾರು 8 ಸೆಂ.ಮೀ. ಕೈ ಎತ್ತಿದರೆ ಸಿಗುವಷ್ಟು ಎತ್ತರ. ಮೊದಲು ಕೆಳಗಿನ ಇನ್ನೊಂದು ಸಣ್ಣ ಕೊಂಬೆಯ ಮೇಲೆ ಕೈ ಪಳಗಿಸೋಣ ಅಂತ ಮನೆಯಲ್ಲಿದ್ದ ಬಡಗಿ ಗರಗಸ ಹಿಡಿದೆ. ಅರ್ಧ ಹೋಗುವಷ್ಟರಲ್ಲಿ ನಿಂತೇಬಿಟ್ಟಿತು. ಹಲ್ಲಿನ ಸಂದಿಯಲ್ಲೆಲ್ಲ ಹಿಟ್ಟು ಕಲಸಿ ಮೆತ್ತಿದ ಹಾಗೆ ಒದ್ದೆ ಪುಡಿ. ಸಿಟ್ಟು ಬಂದು ಕೊಂಬೆಯನ್ನು ಕೆಳಕ್ಕೆ ಜಗ್ಗಿದೆ. ಬಿತ್ತು, ಆದರೆ ಕಾಂಡದ ತೊಗಟೆಯೂ ಒಂದು ಗೇಣು ಸುಲಿದುಕೊಂಡು ಬಂತು. ಬ್ಯಾಟರಿಯ ಚೈನ್ ಗರಗಸ ತಗೊಂಡುಬಿಡಲಾ? ಏಣಿ ಇದೆ.

ಹಳೇಹಿಡಿ:
ಏಣಿ ಮೇಲೆ ಚೈನ್ ಗರಗಸ ಬೇಡವೇ ಬೇಡ. ಏಣಿ ಹತ್ತಿದ ಮೇಲೆ ಒಂದು ಕೈ ತಾನಾಗೇ ಏಣಿ ಹಿಡಿಯುತ್ತದೆ, ಗರಗಸಕ್ಕೆ ಉಳಿಯುವುದು ಒಂದೇ ಕೈ. ಅದರ ಚೈನ್ ಸುತ್ತುವ ಪಟ್ಟಿಯ ತುದಿಯ ಮೇಲ್ಭಾಗ ಪಕ್ಕದ ರೆಂಬೆಗೆ ತಾಗಿದರೆ ಸಾಕು, ಇಡೀ ಯಂತ್ರ ಮುಖದ ಕಡೆಗೆ ಎಗರುತ್ತದೆ. ತಪ್ಪಿಸಿಕೊಳ್ಳಲು ಟೈಮೇ ಸಿಗುವುದಿಲ್ಲ. ಏಣಿಯನ್ನು ಆ ಕೊಂಬೆಗೇ ಒರಗಿಸಿದ್ದರಂತೂ ಇನ್ನೂ ಕಷ್ಟ: ಭಾರ ಬಿದ್ದುಹೋದ ತಕ್ಷಣ ಉಳಿದ ಮೋಟು ಮೇಲಕ್ಕೆ ಚಿಮ್ಮುತ್ತದೆ, ಏಣಿಗೆ ಆಸರೆಯೇ ಇರುವುದಿಲ್ಲ.

ಇನ್ನು ನಿಮ್ಮ ಗರಗಸದ ವಿಷಯ. ಅದು ಕೆಟ್ಟಿಲ್ಲ, ಕೆಲಸ ಬೇರೆ ಅಷ್ಟೇ. ಬಡಗಿ ಗರಗಸ ಒಣಮರಕ್ಕೆ ಮಾಡಿದ್ದು. ಹಲ್ಲು ಸಣ್ಣ, ಒತ್ತೊತ್ತಾಗಿರುತ್ತದೆ. ಹಸಿಮರದ ಪುಡಿ ಉದುರುವುದಿಲ್ಲ, ಅಂಟುತ್ತದೆ. ಹಲ್ಲುಗಳ ನಡುವೆ ಜಾಗ ಬೇಕು. ಜೊತೆಗೆ ಅದು ಸಾಮಾನ್ಯವಾಗಿ ಕೊಯ್ಯುವುದು ಮುಂದಕ್ಕೆ ನೂಕುವಾಗ. ತಲೆಗಿಂತ ಮೇಲೆ ಕೈಯೆತ್ತಿ ನೂಕಿ ನೋಡಿ, ಬಲವೇ ಬರುವುದಿಲ್ಲ, ಅಲಗು ಬಳುಕುತ್ತದೆ. ಮರ ಸವರುವ ಗರಗಸದ ಹಲ್ಲು ಹಿಡಿಯ ಕಡೆಗೆ ವಾಲಿರುತ್ತದೆ, ಅದು ಎಳೆಯುವಾಗ ಕೊಯ್ಯುತ್ತದೆ. ಎಳೆದಾಗ ಅಲಗು ನೆಟ್ಟಗೇ ಇರುತ್ತದೆ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ, ಬಣ್ಣ, ಹಿಡಿಯ ರಬ್ಬರು ಎಲ್ಲ ಆಮೇಲೆ.

ಅಲಗಿನ ಉದ್ದ ಕೊಂಬೆಯ ದಪ್ಪದ ಎರಡರಷ್ಟಾದರೂ ಇರಲಿ. ನಿಮ್ಮದಕ್ಕೆ 24 ಸೆಂ.ಮೀ. ಅಲಗು ಧಾರಾಳ. ಎತ್ತರದ ಕೊಂಬೆಗೆ ಬಾಗಿದ ಅಲಗು ಒಳ್ಳೆಯದು, ಎಳೆದಂತೆ ತಾನೇ ಮರವನ್ನು ಕಚ್ಚಿ ಹಿಡಿಯುತ್ತದೆ. ಎದೆಮಟ್ಟದ ಕೆಲಸಕ್ಕೆ ನೇರ ಅಲಗು. ಮಡಿಚುವ ಗರಗಸ ತಗೊಂಡರೆ ಬಿಚ್ಚಿ, ಲಾಕ್ ಹಾಕಿ, ಅಲಗಿನ ಬೆನ್ನಿನಿಂದ ಮಡಿಚಲು ನೋಡಿ. ಚೂರು ಅಲ್ಲಾಡಿದರೂ ಬೇಡ, ಮುಂದೆ ಅದು ಮಡಿಚಿಕೊಳ್ಳುವುದು ಬೆರಳಿನ ಮೇಲೆ.

ಬೇರುಬಿಳಲು:
ಬಿಲ್ಲಿನಾಕಾರದ ಚೌಕಟ್ಟಿನ ಗರಗಸ ನೋಡಿ ಆಸೆಪಡಬೇಡಿ. ನೆಲಕ್ಕೆ ಬಿದ್ದ ದಿಮ್ಮಿಗೆ ಅದು ಭೇಷ್, ಮರದ ಕವಲಿನಲ್ಲಿ ಚೌಕಟ್ಟು ಪಕ್ಕದ ಕೊಂಬೆಗೆ ಬಡಿಯುತ್ತಿರುತ್ತದೆ. 2 ಸೆಂ.ಮೀ. ಒಳಗಿನ ರೆಂಬೆಗೆ ಗರಗಸವೇ ಬೇಡ, ಗಿಡ ಕತ್ತರಿಸುವ ಕತ್ತರಿ ಸಾಕು.

ಕೈಗೆ ಸಿಗದಿದ್ದರೆ ಕೋಲಿನ ತುದಿಗೆ ಸಿಗಿಸುವ ಗರಗಸ, ನೆಲದ ಮೇಲೇ ನಿಂತು. ಆದರೆ ಕೊಂಬೆಯ ನೇರ ಕೆಳಗೆ ನಿಲ್ಲಬೇಡಿ. ಹತ್ತಿರ ಕರೆಂಟ್ ತಂತಿ ಇದ್ದರೆ, ಅಂದರೆ 3 ಮೀಟರ್ ಒಳಗೆ, ನೀವು ಕೈ ಹಾಕಲೇಬೇಡಿ. ಕನ್ನಡಕ ಹಾಕಿಕೊಳ್ಳಿ, ತಲೆಯೆತ್ತಿ ಕೊಯ್ಯುವಾಗ ಪುಡಿಯೆಲ್ಲ ಕಣ್ಣಿಗೇ.

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಮೂರು ಹಲ್ಲಿನ ಗುರುತಿದೆ, ಸಾಲಾಗಿ. ಕೊಯ್ತ ಶುರು ಮಾಡುವಾಗ ಅಲಗು ತೊಗಟೆ ಮೇಲೆ ಜಾರಿತ್ತು. ಮೊದಲ ಮೂರ್ನಾಲ್ಕು ಸಲ ಒತ್ತದೆ, ಮೆಲ್ಲಗೆ ಎಳೆಯಿರಿ. ಇನ್ನೊಂದು ಕೈ ದೂರ ಇರಲಿ.

ಹಿತ್ತಿಲಮರ:
ಬಾಗಿದ ಗರಗಸ ತಂದೆ. ಬೆಣ್ಣೆ ಕೊಯ್ದ ಹಾಗೆ ಹೋಯಿತು! ತೊಗಟೆ ಸುಲಿಯಬಾರದು ಅಂತ ಈ ಸಲ ಕೆಳಗಿನಿಂದ ಶುರು ಮಾಡಿದೆ. ಅರ್ಧಕ್ಕೆ ಮತ್ತೆ ಸಿಕ್ಕಿಕೊಂಡಿತು. ಗರಗಸ ಈಗ ಮರದಲ್ಲೇ ನೇತಾಡುತ್ತಿದೆ.

ಹಳೇಹಿಡಿ:
ಈ ಸಲ ಗರಗಸದ ತಪ್ಪಿಲ್ಲ ಬಿಡಿ :) ಕೊಂಬೆ ತನ್ನ ಭಾರಕ್ಕೆ ಕೆಳಗೆ ಬಾಗಿರುತ್ತದೆ ಅಲ್ವಾ, ಕೆಳಗಿನಿಂದ ಕೊಯ್ದರೆ ಸೀಳು ಬಾಯಿ ಮುಚ್ಚಿಕೊಂಡು ಅಲಗನ್ನು ಹಿಡಿಯುತ್ತದೆ. ಕೆಳಗಿನಿಂದ ಕಾಲುಭಾಗ ಮಾತ್ರ, ನಿಮಗೆ 2 ಸೆಂ.ಮೀ. ಅಲಗು ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಬೇಕು.

ಅಲಗನ್ನು ತಿರುಚಬೇಡಿ, ಮುರಿಯುತ್ತದೆ. ಯಾರಾದರೂ ಉದ್ದ ಕೋಲಿನಿಂದ ಕೊಂಬೆಯ ತುದಿಯನ್ನು ಪಕ್ಕದಲ್ಲಿ ನಿಂತು ಸ್ವಲ್ಪ ಎತ್ತಿ ಹಿಡಿಯಲಿ, ಬಾಯಿ ತೆರೆಯುತ್ತದೆ. ನೀವು ಸುಮ್ನೆ ಎಳೆದುಕೊಳ್ಳಿ. ಆಮೇಲೆ ಹಿಡಿದವರನ್ನು ದೂರ ಕಳಿಸಿ, ಆ ಸೀಳಿನಿಂದ ಮೂರ್ನಾಲ್ಕು ಸೆಂ.ಮೀ. ಹೊರಗೆ, ತುದಿಯ ಕಡೆಗೆ, ಮೇಲಿನಿಂದ ಕೊಯ್ಯಿರಿ. ಕೊಂಬೆ ಮುರಿದು ಬೀಳುತ್ತದೆ, ಸುಲಿತ ಕೆಳಗಿನ ಸೀಳಿಗೆ ಬಂದು ನಿಲ್ಲುತ್ತದೆ. ಉಳಿದ ಮೋಟಿಗೆ ಭಾರವಿಲ್ಲ, ಅದನ್ನು ಕೊನೆಗೆ ನಿಧಾನ ತೆಗೆಯಿರಿ. ಕಾಂಡಕ್ಕೆ ಸವರಿ ಅಲ್ಲ! ಬುಡದಲ್ಲಿ ಉಂಗುರದ ಹಾಗೆ ಉಬ್ಬಿದ ಸುಕ್ಕು ತೊಗಟೆ ಇದೆ ನೋಡಿ, ಅದರ ಹೊರಗೆ, ತುದಿಯ ಕಡೆಗೆ. ಗಾಯ ಮುಚ್ಚುವುದು ಆ ಉಬ್ಬೇ.

ಹಿತ್ತಿಲಮರ:
ಬಿತ್ತು. ಚಾವಣಿಗೂ ಏನೂ ಆಗಲಿಲ್ಲ. ಗಾಯಕ್ಕೆ ಬಣ್ಣ ಬಳಿಯಬೇಕಾ? ಮೊದಲ ದಿನ ಸುಲಿದ ಜಾಗಕ್ಕೆ?

ಬೇರುಬಿಳಲು:
ಬೇಡ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರ ಸೀಳಿ ನೋಡಿದವರು. ಮರ ಕೊಳೆತ ಭಾಗಕ್ಕೆ ಒಳಗೇ ಗೋಡೆ ಕಟ್ಟಿಕೊಳ್ಳುತ್ತದೆ, ಬಣ್ಣ ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ ಅಂತ ತೋರಿಸಿದರು. ಸುಲಿದ ಕಡೆ ಸಡಿಲವಾಗಿ ನೇತಾಡುವ ತೊಗಟೆಯನ್ನು ಮಾತ್ರ ಹರಿತ ಚಾಕುವಿನಿಂದ ಅಂಚು ನೋಡಿ ತೆಗೆಯಿರಿ, ಒಳ್ಳೆ ತೊಗಟೆ ಕೆರೆಯಬೇಡಿ.

ಹಳೇಹಿಡಿ:
ಇವತ್ತೇ ಸೀಮೆಎಣ್ಣೆ ಬಟ್ಟೆಯಲ್ಲಿ ಅಲಗಿನ ಅಂಟು ಒರೆಸಿ, ಬೆನ್ನಿನ ಬದಿ ಹಿಡಿದು. ಹಲ್ಲಿನ ತುದಿ ಮಾತ್ರ ನೀಲಿಗಪ್ಪಾಗಿದ್ದರೆ ಅರ ಹಾಕಿ ಕೂರಬೇಡಿ, ಆ ಕಾಯಿಸಿ ಗಟ್ಟಿ ಮಾಡಿದ ಹಲ್ಲಿಗೆ ಅರವೇ ಸವೆಯುತ್ತದೆ. ಮೊಂಡಾದಾಗ ಅಲಗು ಬದಲಾಯಿಸುವುದಷ್ಟೇ.