ಸ್ತನ ತೆಗೆದ ಮೇಲೆ ಮತ್ತೆ ಕಟ್ಟಿಸಿಕೊಳ್ಳಬೇಕಾ? ಅನುಭವ ಇರುವವರು ಹೇಳಿ

ನಮ್ಮಕ್ಕನಿಗೆ 46 ವರ್ಷ, ಹಾಸನದಲ್ಲಿದ್ದಾಳೆ. ಎಡಗಡೆ ಗಡ್ಡೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಮುಂದಿನ ತಿಂಗಳು ಇಡೀ ಸ್ತನ ತೆಗೆಯುತ್ತಾರೆ. ಮತ್ತೆ ಕಟ್ಟುವ ಆಪರೇಷನ್ ಇದೆಯಂತೆ. ಅವಳ ಅತ್ತೆ "ಈ ವಯಸ್ಸಲ್ಲಿ ಅದೆಲ್ಲ ಯಾಕೆ" ಅನ್ನುತ್ತಾರೆ. ಅಕ್ಕ ಬಾಯೇ ಬಿಡುತ್ತಿಲ್ಲ. ಮಾಡಿಸಿಕೊಂಡವರು, ಬೇಡ ಅಂದವರು ಇಬ್ಬರೂ ದಯವಿಟ್ಟು ಬರೆಯಿರಿ.

ಚಿಕ್ಕಮಗಳೂರಿನಿಂದ:

ಕಟ್ಟಿಸಿಕೊಳ್ಳುವುದು, ಬಿಡುವುದು ಆಮೇಲಿನ ಮಾತು. ತೆಗೆಯುವ ಮುಂಚೆಯೇ ಒಮ್ಮೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾತಾಡಿ. ಚರ್ಮ ಎಷ್ಟು ಉಳಿಸಬಹುದು, ಗಾಯದ ಗೆರೆ ಎಲ್ಲಿ ಬರಬೇಕು ಅನ್ನುವುದು ತೆಗೆಯುವ ದಿನವೇ ತೀರ್ಮಾನ ಆಗಿಬಿಡುತ್ತದೆ. ಆದರೆ ಇದಕ್ಕೋಸ್ಕರ ಕ್ಯಾನ್ಸರ್ ಚಿಕಿತ್ಸೆ ಮುಂದಕ್ಕೆ ಹಾಕಬೇಡಿ. ಈಗ ಆಗದಿದ್ದರೆ ವರ್ಷಗಳಾದ ಮೇಲೂ ಕಟ್ಟಿಸಿಕೊಳ್ಳಬಹುದು.

ಮುಖ್ಯವಾಗಿ ಎರಡು ದಾರಿ. ಒಂದು ಇಂಪ್ಲಾಂಟ್, ಅಂದರೆ ಸಿಲಿಕೋನ್ ಚೀಲ. ಎಷ್ಟೋ ಜನರಿಗೆ ಮೊದಲು ಎಕ್ಸ್‌ಪಾಂಡರ್ ಅನ್ನುವ ಖಾಲಿ ಚೀಲ ಇಟ್ಟು, ವಾರಗಟ್ಟಲೆ ಸ್ವಲ್ಪ ಸ್ವಲ್ಪ ಸಲೈನ್ ತುಂಬಿ ಚರ್ಮ ಹಿಗ್ಗಿಸುತ್ತಾರೆ. ಆಪರೇಷನ್ ಚಿಕ್ಕದು. ಆದರೆ ಇಂಪ್ಲಾಂಟ್ ಜೀವನಪೂರ್ತಿ ಬರುವುದಲ್ಲ, ಮುಂದೆ ಬದಲಿಸಬೇಕಾಗಬಹುದು. ರೇಡಿಯೇಷನ್ ಆದವರಿಗೆ ಅದರ ಸುತ್ತ ಬಿಗಿದು ಗಟ್ಟಿಯಾಗುವ ತೊಂದರೆಯೂ ಜಾಸ್ತಿ. ಇನ್ನೊಂದು ದಾರಿ ನಮ್ಮದೇ ಮೈಯಿಂದ ತೆಗೆದು ಕಟ್ಟುವುದು. ಬೆನ್ನಿನ ಸ್ನಾಯು ತಿರುಗಿಸಿ ತರುತ್ತಾರೆ, ಅದು ಎಲ್‌ಡಿ ಫ್ಲಾಪ್. ಇಲ್ಲವೇ ಕೆಳಹೊಟ್ಟೆಯ ಚರ್ಮ, ಕೊಬ್ಬು ತೆಗೆದು, ಮೈಕ್ರೋಸ್ಕೋಪ್ ಇಟ್ಟು ರಕ್ತನಾಳ ಜೋಡಿಸುತ್ತಾರೆ, ಅದು ಡೀಪ್ ಫ್ಲಾಪ್.

ನನಗೆ ರೇಡಿಯೇಷನ್ ಆಗಿತ್ತು. ಅದಕ್ಕೇ ಕಾದು, ಬೆಂಗಳೂರಿನಲ್ಲಿ ಹೊಟ್ಟೆಯಿಂದ ಮಾಡಿಸಿಕೊಂಡೆ. ಬೆಳಗ್ಗೆ ಒಳಗೆ ಹೋದವಳನ್ನು ಹೊರಗೆ ತಂದಾಗ ಸಂಜೆಯಾಗಿತ್ತು. ಮೊದಲ ರಾತ್ರಿಗಳಲ್ಲಿ ನರ್ಸ್ ಮತ್ತೆ ಮತ್ತೆ ಬಂದು, ಹೊಸ ಎದೆಗೆ ಬೆರಳಿಟ್ಟು ಬೆಚ್ಚಗಿದೆಯಾ ಅಂತ ನೋಡುತ್ತಿದ್ದರು. ಸಣ್ಣ ಡಾಪ್ಲರ್ ಇಟ್ಟು ರಕ್ತ ಓಡುವ ಸದ್ದು ಕೇಳುತ್ತಿದ್ದರು. ಹೊಟ್ಟೆಯ ಹೊಲಿಗೆ ಎಳೆಯುತ್ತಿದ್ದರಿಂದ ಕೆಲವು ದಿನ ಬಗ್ಗಿಕೊಂಡೇ ನಡೆದೆ. ಗಾಯದ ನೀರು ಹೊರಗೆ ಹೋಗುವ ಡ್ರೈನ್ ಟ್ಯೂಬ್ ಇಟ್ಟುಕೊಂಡೇ ಮನೆಗೆ ಬಂದೆ. ಪ್ರತಿದಿನ ಎಷ್ಟು ಎಂಎಲ್ ಬಂತು ಅಂತ ಬರೆದಿಡಬೇಕಿತ್ತು. ಮುಂದೆ ಬಟನ್ ಇರುವ ನೈಟಿ ಎರಡು ಮೂರು ಹೊಲಿಸಿಡಿ, ಕೈ ಮೇಲೆತ್ತಲು ಆಗುವುದಿಲ್ಲ.

ಒಂದು ವಿಷಯ ಎಲ್ಲರೂ ಹೇಳುವುದಿಲ್ಲ. ಆ ಜಾಗಕ್ಕೆ ಸ್ಪರ್ಶ ಮೊದಲಿನ ಹಾಗೆ ಬರುವುದಿಲ್ಲ. ಮಳೆಗಾಲ ಬಂದರೆ ಒಲೆ ಮುಂದೆ ಕೂತು ಮೈ ಕಾಯಿಸುವವರು ನಾವು, ಅಲ್ವಾ? ಬಿಸಿನೀರಿನ ಬ್ಯಾಗ್ ಅಂತೂ ಇಡಲೇಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ. ಅಕ್ಕನಿಗೆ ಶುಗರ್ ಇದ್ದರೆ ಮೊದಲೇ ಹತೋಟಿಗೆ ತನ್ನಿ, ಇಲ್ಲದಿದ್ದರೆ ಗಾಯ ಮಾಗುವುದು ಕಷ್ಟ. ನನಗಂತೂ ಮಾಡಿಸಿಕೊಂಡಿದ್ದು ಒಳ್ಳೆಯದೇ ಆಯಿತು. 46 ಅಂದರೆ ವಯಸ್ಸಾಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಸಕಲೇಶಪುರದಿಂದ:

ನಾನು ಬೇಡ ಅಂದವಳು. ಹೆದರಿ ಅಲ್ಲ. ಇನ್ನೊಂದು ದೊಡ್ಡ ಆಪರೇಷನ್ ನನಗೆ ಬೇಕಿರಲಿಲ್ಲ. ಬೇಡ ಅನ್ನುವವರೂ ಸರ್ಜನ್‌ಗೆ ಮೊದಲೇ ಹೇಳಬೇಕು: ಚರ್ಮ ಜೋತುಬೀಳದ ಹಾಗೆ, ಚಪ್ಪಟೆಯಾಗಿ ನೀಟಾಗಿ ಹೊಲಿಯಿರಿ ಅಂತ.

ಒಂದು ಕಡೆ ಭಾರ ಇಲ್ಲದಿದ್ದರೆ ಭುಜ, ಬೆನ್ನು ನೋಯುತ್ತದೆ. ಅಂಗಡಿಯಲ್ಲಿ ಸಿಲಿಕೋನ್ ಪ್ರಾಸ್ಥೆಸಿಸ್ ಅಂದರೆ ಕೃತಕ ಸ್ತನ, ಅದನ್ನು ಇಡಲು ಜೇಬಿರುವ ಬ್ರಾ ಸಿಗುತ್ತವೆ. ನಾನು ಮನೆಯಲ್ಲೇ ಮಾಡಿಕೊಂಡೆ. ಹಳೇ ಮಲ್ ಬಟ್ಟೆಯಲ್ಲಿ ದುಂಡಗೆ ಚೀಲ ಹೊಲಿದು, ಕೆಳಗೆ ರಾಗಿ, ಮೇಲೆ ಹತ್ತಿ ತುಂಬಿದೆ. ಬ್ರಾ ಒಳಗೆ ಜೇಬು ಹೊಲಿದು ಅದರಲ್ಲಿಡುತ್ತೇನೆ. ಭಾರ ಸರಿಹೋಗುವವರೆಗೆ ರಾಗಿ ಹಾಕಿ ತೆಗೆದು ನೋಡಬೇಕು. ನಮ್ಮ ಮಳೆಗೆ ರಾಗಿ ಮುಗ್ಗಲು ಹಿಡಿಯುತ್ತದೆ, ಆಗಾಗ ಬದಲಿಸಿ. ಗಾಯ ಪೂರ್ತಿ ಮಾಗಿ, ಡಾಕ್ಟರ್ ಸರಿ ಅಂದ ಮೇಲೆಯೇ ಇದೆಲ್ಲ.

ಕಂಕುಳಿನ ಗಂಟು (ಲಿಂಫ್ ನೋಡ್) ತೆಗೆದಿದ್ದರೆ ಆ ಕೈ ಊದಬಹುದು. ಅವರು ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ. ನಾನು ಕಾಫಿ ಕೊಯ್ಯುವಾಗ ಗ್ಲೌಸ್ ಇಲ್ಲದೆ ಗಿಡ ಮುಟ್ಟುವುದಿಲ್ಲ. ತರಚಿದರೂ ತಕ್ಷಣ ತೊಳೆಯುತ್ತೇನೆ.

ಬೇಲೂರಿನಿಂದ:

ಅಕ್ಕನನ್ನು ಒಬ್ಬಳೇ ಇದ್ದಾಗ ಕೇಳಿ, ಅತ್ತೆ ಎದುರಿಗೆ ಬೇಡ. ನನಗೆ ಫೋಟೋ ನೋಡಿ ಏನೂ ಅರ್ಥ ಆಗಿರಲಿಲ್ಲ. ಆಪರೇಷನ್ ಆಗಿದ್ದ ಒಬ್ಬರು ಬಾಗಿಲು ಹಾಕಿ, ಸೆರಗು ಸರಿಸಿ ತಮ್ಮ ಗಾಯ ತೋರಿಸಿದರು. ಮುಟ್ಟಿ ನೋಡು ಅಂದರು. ಅಂಥವರನ್ನು ಭೇಟಿ ಮಾಡಿಸಿ ಅಂತ ಡಾಕ್ಟರ್ ಹತ್ತಿರವೇ ಕೇಳಿ. ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ಆಪ್ತಸಮಾಲೋಚಕರ ಹತ್ತಿರವೂ ಮಾತಾಡಿಸಿ. ಮತ್ತೆ, ಗಾಯ ಹಸಿ ಇರುವಾಗ ದೀಪಾವಳಿ ಬಂದರೆ ಹಾಸನಾಂಬೆ ದರ್ಶನದ ಕ್ಯೂಗೆ ಮಾತ್ರ ಕರೆದುಕೊಂಡು ಹೋಗಬೇಡಿ. ಆ ನೂಕುನುಗ್ಗಲು ಎದೆಗೇ ಬೀಳುತ್ತದೆ.

ಅರಸೀಕೆರೆಯಿಂದ:

ನನ್ನ ಹೆಂಡತಿಗೆ ಇಂಪ್ಲಾಂಟ್ ಆಗಿದೆ. ದುಡ್ಡಿನ ವಿಷಯ ನಾನು ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30% ಸರ್ಕಾರ ಕೊಡುತ್ತದೆ, 1.5 ಲಕ್ಷದವರೆಗೆ. ಸ್ತನ ಕಟ್ಟುವುದಕ್ಕೂ ಸಿಗುತ್ತದಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರ್‌ನಲ್ಲಿ ಅಡ್ಮಿಟ್ ಆಗುವ ಮುಂಚೆಯೇ ಕೇಳಿ.

ಖಾಸಗಿ ಇನ್ಶೂರೆನ್ಸ್ ಇದ್ದರೆ, "ಪ್ಲಾಸ್ಟಿಕ್ ಸರ್ಜರಿಗೆ ಕೊಡುವುದಿಲ್ಲ" ಅನ್ನುವ ಮಾತು ಕೇಳಿ ಸುಮ್ನೆ ವಾಪಸ್ ಬರಬೇಡಿ. ನಮಗೂ ಮೊದಲು ಹಾಗೇ ಅಂದರು. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಗದಿ ಮಾಡಿದ ಷರತ್ತಿನಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ರೀಕನ್‌ಸ್ಟ್ರಕ್ಷನ್‌ಗೆ (ಮತ್ತೆ ಕಟ್ಟುವುದಕ್ಕೆ) ವಿನಾಯಿತಿ ಇದೆ. ಪಾಲಿಸಿ ಪುಸ್ತಕದಲ್ಲಿ ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿಯಲ್ಲಿ ಎಕ್ಸ್‌ಕ್ಲೂಷನ್ ಕೋಡ್ 08 ಅಂತ ಹುಡುಕಿ. ಮುಂಗಡ ಒಪ್ಪಿಗೆಗೆ ಕಳಿಸುವ ಪತ್ರದಲ್ಲಿ "ಕ್ಯಾನ್ಸರ್‌ಗೆ ಸ್ತನ ತೆಗೆದ ನಂತರದ ರೀಕನ್‌ಸ್ಟ್ರಕ್ಷನ್" ಅಂತ ಡಾಕ್ಟರ್ ಹತ್ತಿರ ಸ್ಪಷ್ಟವಾಗಿ ಬರೆಸಿ. ಪ್ರತಿ ಪತ್ರದ್ದೂ ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.