ಅಪ್‌ಡೇಟ್: ಬಸುರಿನಲ್ಲಿ ಎಚ್‌ಪಿವಿ ನರುಲಿ, ಹೆರಿಗೆ ನಾರ್ಮಲ್ಲೇ ಆಯ್ತು

ಬಸುರಿನಲ್ಲಿ ಎಚ್‌ಪಿವಿ ಅನ್ನೋ ವೈರಸ್ಸಿನಿಂದ ಗುಪ್ತಾಂಗದಲ್ಲಿ ನರುಲಿ ಎದ್ದಿದೆ, ಸಿಸೇರಿಯನ್ನೇ ಗತಿಯಾ ಅಂತ ಕೇಳಿದ್ದೆನಲ್ಲ, ಹೆರಿಗೆ ಆಯ್ತು. ನಾರ್ಮಲ್. ಮಗಳು ಆರಾಮಾಗಿದ್ದಾಳೆ.

ನರುಲಿ ತರೋದು ಹೆಚ್ಚಾಗಿ ಈ ವೈರಸ್ಸಿನ 6 ಮತ್ತು 11ನೇ ಬಗೆ; ಗರ್ಭಕಂಠದ ಕ್ಯಾನ್ಸರ್ ತರೋ 16, 18ನೇ ಬಗೆ ಬೇರೆ ಅಂದರು ಡಾಕ್ಟರ್. ನರುಲಿ ಹೆರಿಗೆ ದಾರಿಗೆ ಅಡ್ಡವಾದರೆ ಅಥವಾ ಜಾಸ್ತಿ ರಕ್ತ ಹೋಗೋ ಭಯವಿದ್ದರೆ ಮಾತ್ರ ಸಿಸೇರಿಯನ್ನಂತೆ. ಇದೇ ವೈರಸ್ಸಿನಿಂದ ಮಗುವಿನ ಗಂಟಲಲ್ಲಿ ಗಂಟು ಬರೋದುಂಟು, ಬಹಳ ಅಪರೂಪ. ಸಿಸೇರಿಯನ್ ಆದರೂ ಅದು ತಪ್ಪೇ ತಪ್ಪುತ್ತೆ ಅಂತಿಲ್ಲ. ಪೊಡೊಫಿಲಿನ್ ಅನ್ನೋ ನರುಲಿ ಔಷಧಿ ಬಸುರಿಯರಿಗೆ ಬೇಡವೇ ಬೇಡ ಅಂತ ನರುಲಿಗಳನ್ನ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಸುಟ್ಟರು. ಉರಿ ಇತ್ತು, ಸುಳ್ಳು ಹೇಳಲ್ಲ. ಉಳಿದ ಚಿಕ್ಕವು ಬಾಣಂತನದಲ್ಲಿ ತಾವೇ ಉದುರಿದವು.

(ಅತ್ತೆಗೆ ಹೇಳಿಲ್ಲ, ಹೇಳೋದೂ ಇಲ್ಲ.) ಮುಂದಿನ ವಾರ ಪ್ಯಾಪ್ ಟೆಸ್ಟ್ (ಗರ್ಭಕಂಠದ ಕ್ಯಾನ್ಸರ್ ಸುಳಿವಿದೆಯಾ ಅಂತ ನೋಡೋದು). ಎಚ್‌ಪಿವಿ ಲಸಿಕೆ ಬಸುರಿನಲ್ಲಿ ಕೊಡಲ್ಲ, ಹಾಲೂಡಿಸುವಾಗ ತಗೋಬಹುದಂತೆ; ನಮ್ಮ ದೇಶದ್ದೇ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್‌ನ ರೇಟ್ ವಿಚಾರಿಸ್ತಿದ್ದೀನಿ.